ಎಡಗಿವಿಯ ಮೇಲಿನ ಬಯಲು

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕನ್ನಡಿ. ಅಪ್ಪ ನಿಂತು ಗಡ್ಡ ಹೆರೆದುಕೊಳ್ಳುವ ಎತ್ತರಕ್ಕೆ ಮೊಳೆ ಹೊಡೆದು ಅದನ್ನು ತೂಗುಹಾಕಿದ್ದರು. ಒಂಬತ್ತು ವರ್ಷದ ನನಗೆ ಅದರಲ್ಲಿ ಕಾಣುತ್ತಿದ್ದದ್ದು ಎದುರು ಗೋಡೆಯ ಕ್ಯಾಲೆಂಡರ್ ಮಾತ್ರ. ಹೀಗಾಗಿ ನನ್ನ ತಲೆಗೆ ಏನಾಯಿತೆಂಬುದನ್ನು ನಾನು ಕಣ್ಣಾರೆ ಕಂಡವಳಲ್ಲ, ಹೇಳಿಸಿಕೊಂಡವಳು. ಹೇಳಿದವರೆಲ್ಲ ತಮಗೆ ಅನುಕೂಲವಾದಂತೆ ಹೇಳಿದರು. ನಾನೂ ಐವತ್ತು ವರ್ಷ ಅದನ್ನೇ ಹೇಳಿಕೊಂಡು ಬಂದೆ. ಈಗ ಬರೆಯಲು ಕೂತರೆ ಒಂದೊಂದು ವಾಕ್ಯವನ್ನೂ ಹಿಡಿದು ಅಲ್ಲಾಡಿಸಿ ನೋಡಬೇಕಾಗಿದೆ. ಬಾಲ್ಯದ ಮನೆ ನೆನಪಾದರೆ ಕಣ್ಣು ತುಂಬಿಬರುತ್ತದೆ ಎಂದು ಬರೆಯುವವರನ್ನು ಓದಿದ್ದೇನೆ. ನನಗೆ ಹಾಗೇನೂ ಆಗುವುದಿಲ್ಲ. ಹಲ್ಲು ಕಚ್ಚಿಕೊಳ್ಳುವಂತಾಗುತ್ತದೆ, ಅಷ್ಟೆ.

ಮನೆಯೆಂದರೆ ಮಗ್ಗದ ಮನೆ. ಅವಿನಾಶಿಗೂ ತಿರುಪ್ಪೂರಿಗೂ ನಡುವೆ, ದೊಡ್ಡ ರಸ್ತೆಯಿಂದ ಒಳಗಿದ್ದ ನೇಕಾರರ ಬೀದಿ. ಬೀದಿಯ ಎರಡೂ ಬದಿಯ ಮನೆಗಳ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮುಂದಿನ ದೊಡ್ಡ ಕೋಣೆ ಮಗ್ಗದ್ದು, ಹಿಂದಿನ ಸಣ್ಣದು ಒಲೆಯದ್ದು. ಮನುಷ್ಯರಿಗೆಂದು ಕೋಣೆ ಇರಲಿಲ್ಲ. ಗೋಡೆಗೂ ಮಗ್ಗಕ್ಕೂ ನಡುವೆ ಒಂದು ಚಾಪೆಯಗಲದ ಜಾಗವಿತ್ತು. ನಮ್ಮ ಊಟ, ಓದು, ನಿದ್ದೆ ಎಲ್ಲ ಅಲ್ಲೇ. ರಸಂನಲ್ಲಿ ನೂಲಿನ ಎಳೆ ಸಿಕ್ಕರೆ ಬೆರಳಿಂದ ತೆಗೆದು ತಟ್ಟೆಯಂಚಿಗೆ ಒರೆಸಿ ಊಟ ಮುಂದುವರಿಸುತ್ತಿದ್ದೆವು. ಕೂದಲು ಸಿಕ್ಕರೆ ಮಾತ್ರ ಜಗಳ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಅವರ ಬಲಗಡೆ ರಾಟೆ, ರಾಟೆಯ ಮುಂದೆ ನಾನು. ಲಾಳಿಯ ಹೊಟ್ಟೆಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ನನ್ನ ಕೆಲಸ. ಅಪ್ಪ ಕೈ ಚಾಚಿದ ಕ್ಷಣಕ್ಕೆ ಕಂಡಿಕೆ ಅವರ ಅಂಗೈಯಲ್ಲಿ ಇರಬೇಕು. ಮಾತು ಬೇಕಿರಲಿಲ್ಲ. ದೀಪಾವಳಿಯ ಸೀರೆಗಳು ಮುಗಿದ ಮೇಲೆ ನನ್ನನ್ನು ಗುಂಡಿಗೆ ಇಳಿಸಿ ಒಂದು ಮೊಳ ನೇಯಿಸುತ್ತೇನೆಂದು ಅಪ್ಪ ಆ ವರ್ಷ ಹೇಳಿದ್ದರು. ಅವರು ಊಟಕ್ಕೆ ಎದ್ದಾಗಲೆಲ್ಲ ನಾನು ಗುಂಡಿಯಲ್ಲಿ ಕೂತು ಕಾಲು ಚಾಚಿ ನೋಡುತ್ತಿದ್ದೆ. ತುಳಿಯುವ ಹಲಗೆಗೆ ಹೆಬ್ಬೆರಳು ತಾಕುತ್ತಿತ್ತು. ನನಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಅದೊಂದೇ.

ಆ ಮನೆಗೆ ಇದ್ದ ಶತ್ರುವೂ ಒಂದೇ: ಹುಳ. ಮಗ್ಗಕ್ಕೆ ಏರಿಸುವ ಮೊದಲು ಹಾಸುನೂಲನ್ನು ಬೆಳಗಿನ ಬಿಸಿಲಲ್ಲಿ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಅಕ್ಕಿಗಂಜಿ ಬಳಿದು, ಅಗಲವಾದ ಬಿರುಸು ಕುಂಚದಿಂದ ಉಜ್ಜಿ ಉಜ್ಜಿ ಒಣಗಿಸುತ್ತಿದ್ದರು. ಗಂಜಿ ಕುಡಿದ ನೂಲು ಗಟ್ಟಿಯಾಗುತ್ತದೆ. ಆದರೆ ಜಿರಲೆಗೂ ಬೂಷ್ಟಿಗೂ ಅದೇ ಹಬ್ಬದೂಟ. ಒಂದು ಕಡೆ ಕಡಿದರೆ ನೂರಾರು ಎಳೆ ಕೂತು ಗಂಟು ಹಾಕಬೇಕು. ಅದಕ್ಕೇ ಗಂಜಿಗೆ ಚಿಟಿಕೆ ಮೈಲುತುತ್ತ ಬೆರೆಸುವುದು ನಮ್ಮ ಮನೆಯ ವಾಡಿಕೆ. ಬಾಗಿಲ ಮೇಲಿನ ಹಲಗೆಯಲ್ಲಿ, ಮಕ್ಕಳ ಕೈಗೆ ಎಟುಕದಂತೆ, ಗಾಜಿನ ಬಾಟಲಿಯಲ್ಲಿ ಆ ನೀಲಿ ಹರಳುಗಳಿದ್ದವು. ನನ್ನ ಕಣ್ಣಿಗೆ ಮನೆಯಲ್ಲಿದ್ದ ಅತಿ ಚೆಂದದ ವಸ್ತು ಅದೇ. ಮುಟ್ಟಿದರೆ ಕೈ ಬೇಯುತ್ತದೆ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಸಾವಿರ ಸಲ ಹೇಳಿದ್ದಳು. ಕೈ ಬೇಯುತ್ತದೆ ಎಂಬುದು ಆ ಮನೆಯ ಎಲ್ಲರಿಗೂ ಗೊತ್ತಿತ್ತು ಎನ್ನುವುದನ್ನು ದಯವಿಟ್ಟು ನೆನಪಿಡಿ.

ಒಂದು ಶುಕ್ರವಾರ, ಎಣ್ಣೆ ಹಚ್ಚಿ ಮಿಂದ ಮೇಲೆ, ಅಮ್ಮ ಹಿತ್ತಿಲಲ್ಲಿ ಕೂರಿಸಿಕೊಂಡು ಸಿಕ್ಕು ಬಿಡಿಸುತ್ತಿದ್ದಳು. ಬಾಚಣಿಗೆ ನಿಂತಿತು. ಕತ್ತಿನ ಹಿಂದೆ, ಜಡೆ ಶುರುವಾಗುವಲ್ಲಿ, ಅವಳ ಬೆರಳು ಒಂದೇ ಕಡೆ ಸುತ್ತತೊಡಗಿತು. ನನಗೆ ನೋವಿರಲಿಲ್ಲ, ತುರಿಕೆಯಿರಲಿಲ್ಲ. ಎಂಟಾಣೆಯಗಲ ನುಣುಪಾದ ಚರ್ಮ ಎಂದು ಆಮೇಲೆ ಹೇಳಿದರು. ಅಮ್ಮ ಅಜ್ಜಿಯನ್ನು ಕೂಗಿದಳು. ಅಜ್ಜಿ ಬಂದು ಹೆಬ್ಬೆರಳಿಂದ ಸವರಿದಳು.

"ಪುಳುವೆಟ್ಟು. ಹುಳ ತಿಂದದೆ. ಹೆಂಗ್ ನುಣ್ಣಗೆ ವಳವಳ ಅಂತದೆ ನೋಡು, ಒಂದ್ ಎಳೆ ಬಿಟ್ಟಿಲ್ಲ."

"ಹುಳ ಎಲ್ಲದೆ ಅತ್ತೆ? ನಂಗೇನೂ ಕಾಣ್ತಿಲ್ವಲ್ಲ."

"ಕಂಡ್ರೆ ಅದು ಹುಳವಾ? ಹಾಸು ಕಡೀವಾಗ ಕಣ್ಣಿಗ್ ಕಾಣ್ತದಾ? ಕಡ್ದ ಮೇಲೆ ತಾನ ಗೊತ್ತಾಗ್ತದೆ. ಇವಳನ್ನ ಮಗ್ಗದತ್ರ ಬಿಡ್ಬ್ಯಾಡ. ತಲೇಲಿರೋದು ನೂಲಿಗ್ ಇಳೀತದೆ."

ಒಳಗೆ ಲಾಳಿಯ ಸದ್ದು ನಿಂತಿತು. ಅಪ್ಪ ಕೇಳಿಸಿಕೊಂಡಿದ್ದರು. ಅವರು ನಗುತ್ತಾರೆ ಎಂದು ನಾನು ಕಾದೆ. ಅವರ ಮಗಳ ತಲೆಯಿಂದ ಹುಳ ಇಳಿದು ಸೀರೆ ತಿನ್ನುತ್ತದೆ ಎಂದರೆ ನಗಬೇಕು ತಾನೆ? ಲಾಳಿ ಮತ್ತೆ ಓಡತೊಡಗಿತು. ತೀರ್ಪು ಆಯಿತು. ಅಂದಿನಿಂದ ನನ್ನ ಚಾಪೆ ಅಡುಗೆಮನೆಯ ರುಬ್ಬುವ ಕಲ್ಲಿನ ಪಕ್ಕಕ್ಕೆ ಹೋಯಿತು. ನನಗೆ ಬೇರೆ ಬಾಚಣಿಗೆ, ಬೇರೆ ದಿಂಬು. ಶಾಲೆಯಿಂದ ಬಂದರೆ ಮುಂಬಾಗಿಲಿನಿಂದಲ್ಲ, ಹಿತ್ತಿಲಿನಿಂದ ಒಳಗೆ ಬರಬೇಕು. ರಾಟೆಯ ಮುಂದೆ ತಮ್ಮ ಸೆಂದಿಲ್ ಕೂತ. ಅವನು ಸುತ್ತಿದ ಕಂಡಿಕೆ ಸಡಿಲವಾಗಿ ಲಾಳಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಪ್ಪ ಅವನ ತಲೆಗೆ ಮೊಟಕುವುದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ಅದರ ಸೇಡನ್ನು ಅವನು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದ.

"ಹುಳಕ್ಕ! ಏ ಹುಳಕ್ಕ! ಇವತ್ತೆಷ್ಟ್ ತಿಂತು?"

ಸಣ್ಣ ಈರುಳ್ಳಿ ಕುಯ್ದು ದಿನಕ್ಕೆರಡು ಸಲ ಆ ಜಾಗಕ್ಕೆ ತಿಕ್ಕಿದರು. ತರಗತಿಯಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡರು. ಮೂರು ವಾರವಾದರೂ ಕೂದಲು ಬರಲಿಲ್ಲ. ಅಷ್ಟರಲ್ಲಿ ಎಡಗಿವಿಯ ಮೇಲೆ ಇನ್ನೊಂದು ಬಟ್ಟಬಯಲು ಕಾಣಿಸಿಕೊಂಡಿತು. ಅಜ್ಜಿಯ ಈರುಳ್ಳಿ ಸೋತಿತ್ತು. ಅವತ್ತು ಮಧ್ಯಾಹ್ನದ ಊಟದ ಹೊತ್ತಿಗೆ ಅಮ್ಮ ಬಾಯಿ ಬಿಟ್ಟಳು. ಅವಳು ಅತ್ತೆಯ ಎದುರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕೋಯಮತ್ತೂರಿಗ್ ಕರ್ಕೊಂಡ್ ಹೋಗಿ ಡಾಕ್ಟ್ರಿಗ್ ತೋರಿಸ್ಬುಡೋಣ ಅತ್ತೆ."

"ಹೋಗು. ಬಸ್ಸಲ್ಲಿ ಎಲ್ರಿಗೂ ತೋರಿಸ್ಕೊಂಡ್ ಹೋಗು. ಹುಳ ತಿಂದ ತಲೆ ಮನೆ ಅಂತ ಹೆಸರಾಗ್ಲಿ. ಅಪ್ಪುರ, ಮುಂದಕ್ಕೆ, ಇವಳನ್ನ ಕೇಳ್ಕೊಂಡ್ ಯಾವನ್ ಬತ್ತಾನೆ ಅಂತ ನಾನೂ ನೋಡ್ತೀನಿ."

"ಮಗೂಗ್ ಒಂಬತ್ತ್ ವರ್ಷ. ಈಗ್ಲೇ ಕೇಳ್ಕೊಂಡ್ ಬರೋರ್ ಮಾತು ಯಾಕೆ?"

"ಕೂದ್ಲು ಹೋದ ಮೇಲೆ ಎಷ್ಟ್ ವರ್ಷ ಆದ್ರೇನೆ?"

ಅಪ್ಪ ಮಜ್ಜಿಗೆ ಕಲಸುತ್ತಿದ್ದರು. ಇಬ್ಬರೂ ಅವರತ್ತ ತಿರುಗಿದರು. ಅವರು ಕೈ ತೊಳೆದು ಗುಂಡಿಗೆ ಇಳಿದರು. ನಮ್ಮ ಅಪ್ಪ ಒಳ್ಳೆಯವರು, ಮೆತ್ತಗಿನವರು, ಯಾರಿಗೂ ಎದುರು ಹೇಳಿದವರಲ್ಲ ಎಂದು ಊರೆಲ್ಲ ಹೊಗಳುತ್ತದೆ. ಹೌದು. ಎದುರು ಹೇಳಬೇಕಾದ ಕಡೆಯೂ ಹೇಳಲಿಲ್ಲ.

ಮುಂದಿನ ಸಲ ಬೀದಿಯಲ್ಲಿ ಹಾಸು ಎಳೆದ ದಿನ ಅಜ್ಜಿ ದಾರಿ ಕಂಡುಕೊಂಡಳು. ನೂಲಿನ ಹುಳಕ್ಕೆ ಏನು ಕೊಡುತ್ತೇವೋ ತಲೆಯ ಹುಳಕ್ಕೂ ಅದನ್ನೇ ಕೊಡಬೇಕು. ಅವಳ ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ನಮ್ಮವರಲ್ಲದೆ ಬೇರೆ ಯಾರಿಗೂ ಇಂಥದ್ದು ಹೊಳೆಯಲು ಸಾಧ್ಯವೇ ಇಲ್ಲ. ಬೀದಿಯ ಕೆಲಸ ಮುಗಿದ ಮೇಲೆ ಉಳಿದ ಗಂಜಿಗೆ ಮೈಲುತುತ್ತ ಕುಟ್ಟಿ ಹಾಕಿದರು. ಚಿಟಿಕೆಯಲ್ಲ, ಹಿಡಿ. ನಿಂಬೆಹುಳಿ ಹಿಂಡಿದರು. ನನ್ನನ್ನು ಹಿತ್ತಿಲ ಕಲ್ಲಿನ ಮೇಲೆ ತಲೆ ತಗ್ಗಿಸಿ ಕೂರಿಸಿ, ನೂಲು ಉಜ್ಜುವ ಕುಂಚದ ಸಣ್ಣದೊಂದನ್ನು ತಂದು, ಎಡಗಿವಿಯ ಮೇಲಿನ ಜಾಗವನ್ನು ರಕ್ತ ಜಿನುಗುವವರೆಗೆ ತಿಕ್ಕಿ, ಅದರ ಮೇಲೆ ಆ ನೀಲಿ ಗಂಜಿ ಬಳಿದು ಬಿಸಿಲಿಗೆ ಬಿಟ್ಟರು. ಹಾಸುನೂಲಿಗೆ ಮಾಡುವ ಹಾಗೆಯೇ: ಉಜ್ಜು, ಬಳಿ, ಒಣಗಿಸು. ಕತ್ತಿನ ಹಿಂದಿನ ಜಾಗಕ್ಕೆ ಗಂಜಿ ಸಾಲಲಿಲ್ಲವೋ, ಅಷ್ಟರಲ್ಲಿ ಮಳೆ ಹನಿಯಿತೋ, ಅದನ್ನು ನಾಳೆ ನೋಡೋಣ ಎಂದು ಬಿಟ್ಟರು.

"ತಿಕ್ಕಿದರು", "ಬಳಿದರು" ಎಂದು ಬರೆದೆ. ಯಾರು? ಇದನ್ನು ನಾನು ಮೂರು ರೀತಿ ಹೇಳುತ್ತಾ ಬಂದಿದ್ದೇನೆ. ಒಂದರಲ್ಲಿ ಕುಂಚ ಅಜ್ಜಿಯ ಕೈಯಲ್ಲಿದೆ, ಅಪ್ಪ ನನ್ನ ಭುಜ ಹಿಡಿದಿದ್ದಾರೆ, ಅಮ್ಮ ಅಡುಗೆಮನೆಯಲ್ಲಿ ಸೆರಗು ಕಚ್ಚಿ ಅಳುತ್ತಿದ್ದಾಳೆ. ಇದು ಎಲ್ಲರಿಗೂ ಇಷ್ಟವಾಗುವ ಕಥೆ. ಇನ್ನೊಂದರಲ್ಲಿ ಭುಜ ಹಿಡಿದವಳು ಅಮ್ಮ. ಮೂರನೆಯದರಲ್ಲಿ ಯಾರೂ ಹಿಡಿದಿಲ್ಲ, ನಾನೇ ಕಲ್ಲಿನಂಚನ್ನು ಹಿಡಿದು ಕೂತಿದ್ದೇನೆ. ಮೂರರಲ್ಲೂ ಕುಂಚದ ಕೈ ಮಾತ್ರ ಅಜ್ಜಿಯದು. ಆದರೆ ನಾನು ಕಣ್ಣು ಬಿಗಿಯಾಗಿ ಮುಚ್ಚಿದ್ದೆ. ಮುಚ್ಚಿದ ಕಣ್ಣಿಗೆ ಅದು ಯಾರ ಕೈ ಎಂದು ಹೇಗೆ ಗೊತ್ತಾಯಿತು ಎಂದು ನನ್ನನ್ನು ನಾನೇ ಐವತ್ತು ವರ್ಷ ಕೇಳಿಕೊಳ್ಳಲಿಲ್ಲ. ನನಗೆ ಖಚಿತವಾಗಿ ಗೊತ್ತಿರುವುದು ಒಂದು ಧ್ವನಿ ಮಾತ್ರ. ಅಪ್ಪ ಕಿವಿಯ ಹತ್ತಿರ ಬಗ್ಗಿ, ನಮ್ಮಲ್ಲಿ ಮಕ್ಕಳನ್ನು ಮುದ್ದಿಗೆ ಕರೆಯುವಂತೆ ಕಣ್ಣು ಎಂದು ಕರೆದು, ಹೇಳಿದ್ದು:

"ಕೊಂಜ ಉರೀತದೆ. ಪೊರುತ್ಕೋ, ತಡ್ಕೋ ಕಣ್ಣು. ಅತ್ತುಬುಟ್ರೆ ಅರ್ಧಕ್ಕೇ ನಿಂತೋಗ್ತದೆ, ಹುಳ ಸಾಯಲ್ಲ. ಅಳದೆ ಇದ್ರೆ ನಾಳೆಯಿಂದ ಮಗ್ಗಕ್ ಬರ್ಬೋದು."

ನಾನು ಅಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೊಬ್ಬೆ ಎದ್ದಿತು. ಮರುದಿನ ಒಡೆಯಿತು. ಆಮೇಲೆ ಜ್ವರ, ಕೀವು, ಹಸಿರುಗಟ್ಟಿದ ಹೊಪ್ಪಳೆ, ಅಂಟಿಕೊಂಡ ಬಟ್ಟೆಯನ್ನು ಬಿಸಿನೀರಿಂದ ನೆನೆಸಿ ಕೀಳುವ ಬೆಳಗುಗಳು. ಹೊಪ್ಪಳೆಯ ಜೊತೆ ಹುಳ ಬಂತೆಂದು ಅಜ್ಜಿ ಬೀದಿಗೆಲ್ಲ ಹೇಳಿದಳು. ಗಾಯ ಮಾಯಲು ಎರಡು ತಿಂಗಳಾಯಿತು. ಆ ಗಲಾಟೆಯಲ್ಲಿ ಕತ್ತಿನ ಹಿಂದಿನ ಜಾಗವನ್ನು ಎಲ್ಲರೂ ಮರೆತರು. ಯಾರೂ ಏನೂ ಹಚ್ಚದ ಆ ಜಾಗದಲ್ಲಿ ಮೊದಲು ಬಿಳಿಯ ನವಿರು, ಆಮೇಲೆ ಕಪ್ಪು ಕೂದಲು ತಾನಾಗಿ ಬಂತು. ಮದ್ದು ಬಿದ್ದ ಎಡಗಿವಿಯ ಮೇಲೆ ಒಂದೂ ಬರಲಿಲ್ಲ. ಉತ್ತರ ಒಂದೇ ತಲೆಯ ಮೇಲೆ, ಒಂದು ಗೇಣಿನ ಅಂತರದಲ್ಲಿ, ಓದು ಬಾರದವರಿಗೂ ಕಾಣುವ ಹಾಗೆ ಬರೆದಿತ್ತು. ಮನೆಯವರು ಅದನ್ನು ತಿರುಗಿಸಿ ಓದಿದರು. ಮದ್ದಿನ ಬಿಸಿ ಅಲ್ಲಿಗೂ ಹರಿದು ಹಿಂದಿನ ಹುಳ ಸತ್ತಿತಂತೆ. ಎಡಗಿವಿಯ ಹತ್ತಿರದ್ದು ಬೇರನ್ನು ಮೊದಲೇ ತಿಂದು ಮುಗಿಸಿತ್ತಂತೆ.

ಅಪ್ಪ ಮಾತಿಗೆ ತಪ್ಪಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡೇ ನಾನು ಗುಂಡಿಗೆ ಇಳಿದು ಒಂದು ಮೊಳ ನೇಯ್ದೆ. ಹಲಗೆ ತುಳಿದಾಗ ಎಳೆಗಳು ಬಾಯಿ ಬಿಟ್ಟವು, ಲಾಳಿ ಆ ಕಡೆಯಿಂದ ಈ ಕಡೆಗೆ ನನ್ನ ಕೈಗೆ ಬಂತು. ನನಗೆ ಖುಷಿಯಾಯಿತು. ಇದನ್ನು ಮುಚ್ಚಿಡಬಾರದು. ಈ ಅಧ್ಯಾಯದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವುದು ಆ ಖುಷಿಯೇ. "ನನ್ ಮಗ್ಳು ಅಳ್ಲೇ ಇಲ್ಲ" ಎಂದು ಅಪ್ಪ ಬಂದವರಿಗೆಲ್ಲ ಹೇಳುವಾಗ ನಾನು ಎದೆಯುಬ್ಬಿಸಿ ನಿಲ್ಲುತ್ತಿದ್ದೆ. ಅದೇ ನನ್ನ ಗುಣವಾಯಿತು. ಹೆರಿಗೆ ಕೋಣೆಯಲ್ಲಿ ದಾದಿ ಹೊಗಳಿದಳು, ಸದ್ದೇ ಮಾಡದ ಹೆಂಗಸು ಎಂದು. ಗಂಡನ ಮನೆಯವರು ಹೊಗಳಿದರು, ಎಷ್ಟು ಅಂದರೂ ಮುಖ ಬಾಡಿಸುವುದಿಲ್ಲ ಎಂದು. ಜಡೆಗೆ ಚವರಿ ಸೇರಿಸಿ, ಎಡಗಡೆಯ ಬೋಳನ್ನು ಮೇಲಿನ ಕೂದಲು ಎಳೆದು ಮುಚ್ಚಿ ಪಿನ್ನು ಚುಚ್ಚಿಕೊಳ್ಳುವುದನ್ನು ಹದಿಮೂರನೇ ವಯಸ್ಸಿಗೇ ಕಲಿತಿದ್ದೆ. ಗಂಡನೂ ಅದನ್ನು ಸರಿಯಾಗಿ ನೋಡಿರಲಿಲ್ಲ. ತಮ್ಮ ನೋಡಿರಲಿಲ್ಲ. ಕ್ರಮೇಣ ಅಮ್ಮನೂ ನೋಡುವುದನ್ನು ಬಿಟ್ಟಳು.

ಮೂವತ್ತನಾಲ್ಕು ದಾಟಿದಾಗ ನೆತ್ತಿಯ ಹತ್ತಿರ ಮತ್ತೊಂದು ಬೋಳು ಜಾಗ ಕಾಣಿಸಿತು. ಅಷ್ಟರಲ್ಲಿ ನಾನು ಕೋಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿದ್ದೆ. ಸುತ್ತ ಪಂಪು ಮಾಡುವ ಕಾರ್ಖಾನೆಗಳು, ಬೆಳಗಿನಿಂದ ಕಬ್ಬಿಣ ಕೊರೆಯುವ ಸದ್ದು. ಈರುಳ್ಳಿ ಕುಯ್ಯಲು ಕೂತವಳು ಯಾಕೋ ಕತ್ತಿ ಕೆಳಗಿಟ್ಟು ಗಾಂಧಿಪುರಂಗೆ ಹೋದೆ. ಬಸ್ ನಿಲ್ದಾಣದ ಎದುರು, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಚರ್ಮದ ಡಾಕ್ಟರು. ನನಗಿಂತ ಚಿಕ್ಕವಳು. ಬೆಳಕಿರುವ ಮಸೂರವನ್ನು ನೆತ್ತಿಗೆ ಒತ್ತಿ ನೋಡಿದಳು, ಉಗುರುಗಳನ್ನು ನೋಡಿದಳು, ಮನೆಯಲ್ಲಿ ಥೈರಾಯ್ಡ್ ತೊಂದರೆ ಯಾರಿಗಾದರೂ ಇದೆಯೇ ಎಂದು ಕೇಳಿದಳು. ಅವಳು ತಮಿಳಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ಹುಳ ಅಲ್ಲಮ್ಮ. ಕೂದಲು ತಿನ್ನುವ ಹುಳ ಅಂತ ಒಂದು ಇಲ್ಲವೇ ಇಲ್ಲ. ರೋಗ ಬರದಂತೆ ನಮ್ಮನ್ನು ಕಾಯುವ ಶಕ್ತಿ ದೇಹದೊಳಗೆ ಇರುತ್ತದಲ್ಲ, ಅದು ದಾರಿ ತಪ್ಪಿ ಕೂದಲಿನ ಬೇರನ್ನೇ ಹೊರಗಿನವರು ಅಂದುಕೊಂಡು ಹೊಡೆಯುತ್ತಿದೆ. ಬೇರು ಸಾಯುವುದಿಲ್ಲ, ಮಲಗುತ್ತದೆ. ಸಣ್ಣ ಜಾಗವಾದರೆ ಎಷ್ಟೋ ಜನಕ್ಕೆ ಕೆಲವು ತಿಂಗಳಲ್ಲಿ ತಾನಾಗಿ ಎಚ್ಚರವಾಗುತ್ತದೆ."

"ಅಂಟುತ್ತದಾ?"

"ಯಾರಿಗೂ ಅಂಟುವುದಿಲ್ಲ. ಅಂಟುವುದು ಬೇರೆ, ತಲೆಯ ಹುಳುಕಡ್ಡಿ. ಅದರಲ್ಲಿ ಹೊಟ್ಟು ಉದುರುತ್ತದೆ, ತುರಿಸುತ್ತದೆ, ಕೂದಲು ತುಂಡಾಗುತ್ತದೆ. ಅದಕ್ಕೆ ಬೇರೆ ಮಾತ್ರೆ ಇದೆ."

ನಾನು ಪಿನ್ನು ತೆಗೆದೆ. ಗಂಡನಿಗೂ ತೋರಿಸದ್ದನ್ನು ತೋರಿಸಿದೆ.

"ಹಾಗಾದರೆ ಇದು ಯಾಕೆ ಬರಲಿಲ್ಲ?"

ಅವಳು ಮಸೂರ ಒತ್ತಿ ಬಹಳ ಹೊತ್ತು ನೋಡಿದಳು.

"ಸುಟ್ಟದ್ದು ಯಾವಾಗ?"

"ಸುಟ್ಟದ್ದಲ್ಲ. ಹುಳ ತಿಂದದ್ದು."

"ಇಲ್ಲಿ ಬೇರಿನ ಬಾಯಿಗಳೇ ಇಲ್ಲಮ್ಮ. ಸುಟ್ಟ ಕಲೆ ಇದು. ಏನು ಹಚ್ಚಿದರು?"

ಹೇಳಿದೆ. ಅವಳು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು. ಆ ಪೆನ್ನು ಮೇಜಿಗೆ ತಾಗಿದ ಸದ್ದು ಈಗಲೂ ಕೇಳುತ್ತದೆ ಎಂದು ಬರೆಯಲು ಕೈ ಮುಂದಾಗುತ್ತದೆ. ಸುಳ್ಳು, ಕೆಳಗೆ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು, ನನಗೇನೂ ಕೇಳಿಸಲಿಲ್ಲ. ನೆತ್ತಿಯ ಹೊಸ ಜಾಗಕ್ಕೆ ಸಣ್ಣ ಸೂಜಿಯಿಂದ ಚರ್ಮದೊಳಗೆ ಹನಿಹನಿಯಾಗಿ ಸ್ಟೆರಾಯ್ಡ್ ಚುಚ್ಚಿದಳು, ತಿಂಗಳು ಬಿಟ್ಟು ಮತ್ತೆ ಬಾ ಅಂದಳು. ಮಕ್ಕಳಿಗಾದರೆ ಸೂಜಿಯ ಮೊದಲು ಮುಲಾಮು, ಎಲ್ಲ ಕಡೆ ಹರಡಿದವರಿಗೆ ಬೇರೆ ಔಷಧಿ, ಕೆಲವರಿಗೆ ಏನು ಕೊಟ್ಟರೂ ಪೂರ್ತಿ ಬರದೆಯೂ ಇರಬಹುದು, ಬಂದವರಿಗೆ ಮತ್ತೆ ಹೋಗಲೂಬಹುದು, ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದೂ ಹೇಳಿದಳು. ನಾಲ್ಕು ತಿಂಗಳಲ್ಲಿ ನೆತ್ತಿ ತುಂಬಿತು. ಎಡಗಿವಿಯ ಮೇಲಿನದು ಹಾಗೇ ಉಳಿಯಿತು. ಕಾಯಿಲೆ ನನ್ನಿಂದ ಏನನ್ನೂ ಕಸಿದುಕೊಂಡಿರಲಿಲ್ಲ, ಎರಡು ಸಲವೂ ಎರವಲು ಪಡೆದು ವಾಪಸು ಕೊಟ್ಟಿತ್ತು. ಕಸಿದದ್ದು ಮನೆ. ಅಷ್ಟರಲ್ಲಿ ಅಜ್ಜಿಯೂ ಅಪ್ಪನೂ ಸತ್ತಿದ್ದರು. ಅಮ್ಮನನ್ನು ಕೇಳಿದೆ. "ಆಗ ಯಾರ್ಗ್ ಗೊತ್ತಿತ್ತು ಕಣ್ಣು?" ಅಂದಳು. ಎಂಥ ವಾಕ್ಯ! ಮುಟ್ಟಿದರೆ ಕೈ ಬೇಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ನಾನು ಸುಮ್ಮನಾದೆ. ಸುಮ್ಮನಾಗುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತಲ್ಲ. ಮರುದಿನವೂ ಚವರಿ, ಪಿನ್ನು. ಪಕ್ಕದ ಮನೆಗೆ ಕೊಳ್ಳೇಗಾಲದಿಂದ ಬಂದವರಿಂದ ಕನ್ನಡ ಅಕ್ಷರ ಕಲಿತದ್ದು ಆ ನಂತರ. ಮನೆಯವರು ಯಾರೂ ಓದಲಾರದ ಅಕ್ಷರಗಳಲ್ಲಿ ಮನೆಯವರ ಮೇಲೆ ಸಿಟ್ಟು ಬರೆಯುವುದು ಎಷ್ಟು ದೊಡ್ಡ ಧೈರ್ಯ ಎಂದು ನನಗೂ ಗೊತ್ತಿದೆ.

ಇಲ್ಲಿಗೆ ಮುಗಿಸಬಹುದಿತ್ತು. ಬಾಲ್ಯದ ಅಧ್ಯಾಯ ಬಾಲ್ಯದಲ್ಲೇ ಮುಗಿಯಬೇಕು. ಆದರೆ ಹೋದ ತಿಂಗಳು ಸೆಂದಿಲ್‌ನ ಮಗಳು ಕವಿತಾ ಫೋನ್ ಮಾಡಿದಳು. ಅವಳ ಮಗಳು ಯಾಳಿನಿಗೆ ಆರು ವರ್ಷ. ಕವಿತಾ "ಅಜ್ಜಿ" ಅನ್ನುವುದು ನನ್ನ ಅಮ್ಮನನ್ನು. ಅಮ್ಮನಿಗೆ ಈಗ ಎಂಬತ್ತು ದಾಟಿದೆ, ತಿರುಪ್ಪೂರಿನಲ್ಲಿ ಸೆಂದಿಲ್‌ನ ಮನೆಯಲ್ಲಿದ್ದಾಳೆ, ಮನೆಯ ಹಿಂದೆ ಅವನ ಪವರ್‌ಲೂಮ್ ಶೆಡ್ಡು.

"ಅತ್ತೆ, ಪಾಪಾಗೆ ತಲೆ ಹಿಂದ್ಗಡೆ ರೌಂಡಾಗಿ ಕೂದ್ಲು ಹೋಗದೆ. ಭಯ ಏನಿಲ್ಲ, ಪುಳುವೆಟ್ಟಂತೆ. ಅಜ್ಜಿ ನಾಟಿಮದ್ದಿನ ಅಂಗಡಿಯಿಂದ ಅಪ್ಪನ ಕೈಲಿ ಮೈಲುತುತ್ತ ತರ್ಸಿದಾರೆ."

"ಡಾಕ್ಟ್ರು?" ಅಂದೆ.

"ಡಾಕ್ಟ್ರ್ ಯಾಕತ್ತೆ? ನಿಮ್ಗೂ ಚಿಕ್ಕಂದ್ರಲ್ಲಿ ಅದ್ರಲ್ಲೇ ತಾನ ವಾಸಿ ಆಯ್ತು? ಅಜ್ಜಿ ಹೇಳಿದ್ರು. ಈಗ್ಲೂ ನಿಮ್ ಜಡೆ ಎಷ್ಟ್ ದಪ್ಪ ಅದೆ!"

ನನ್ನ ಚವರಿ ಸಾಕ್ಷಿಯಾಗಿ ನಿಂತಿತ್ತು. ನಲವತ್ತೈದು ವರ್ಷ ದಿನಾ ಬೆಳಿಗ್ಗೆ ಪಿನ್ನು ಚುಚ್ಚಿ ಚುಚ್ಚಿ ನಾನು ಆ ಮದ್ದಿಗೆ ಒಳ್ಳೆಯ ಹೆಸರು ಸಂಪಾದಿಸಿಕೊಟ್ಟಿದ್ದೆ. ನಾನು ಬರುವವರೆಗೆ ಮಗುವಿನ ತಲೆ ಮುಟ್ಟಬೇಡಿ ಎಂದು ಕಿರುಚಿ, ಗಾಂಧಿಪುರಂನ ಡಾಕ್ಟರಿಗೆ ಮರುದಿನದ ಹೊತ್ತು ಕೇಳಿ, ಬಸ್ ಹತ್ತಿದೆ. ಯಾಳಿನಿಯ ಕೂದಲು ಕೊನೆಗೆ ಬಂತೇ ಎಂಬ ಕುತೂಹಲದಿಂದ ಓದಬೇಡಿ, ಈಗಲೇ ಹೇಳುತ್ತೇನೆ: ಡಾಕ್ಟರು ಮುಲಾಮು ಕೊಟ್ಟಿದ್ದಾರೆ, ಕಾಯಬೇಕು ಅಂದಿದ್ದಾರೆ, ಕಾಯುತ್ತಿದ್ದೇವೆ. ಬರಬಹುದು, ತಡವಾಗಬಹುದು. ನಾನು ಬಸ್ಸಿನಲ್ಲಿ ಕೂತಾಗ ನನ್ನ ಚಿಂತೆ ಅದಾಗಿರಲಿಲ್ಲ. ಬೇರಿನ ಬಾಯಿ ಮುಚ್ಚದಿದ್ದರೆ ಸಾಕಿತ್ತು.

ಹೋದಾಗ ಹಿಂಬಾಗಿಲ ಮೆಟ್ಟಿಲ ಮೇಲೆ ಯಾಳಿನಿ ತಲೆ ತಗ್ಗಿಸಿ ಕೂತಿದ್ದಳು. ಮುಟ್ಟಬೇಡಿ ಎಂದಿದ್ದರೂ ಈರುಳ್ಳಿ ತಿಕ್ಕಿ ಆಗಿತ್ತು, ಎಂಟಾಣೆಯಗಲ ಚರ್ಮ ಕೆಂಪಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ. ಅವಳ ಮಡಿಲಲ್ಲಿ ಕಾಗದದ ಪೊಟ್ಟಣ, ಪೊಟ್ಟಣದೊಳಗೆ ನೀಲಿ. ಹಿಂದೆ ಅತ್ತೆಯ ಎದುರು ನಿಂತು ಡಾಕ್ಟರ ಹತ್ತಿರ ಹೋಗೋಣ ಎಂದಿದ್ದವಳು ಇವಳೇ. ಅತ್ತೆಯ ಜಾಗದಲ್ಲಿ ಈಗ ಇವಳು ಕೂತಿದ್ದಳು. ಸೆಂದಿಲ್ ಶೆಡ್ಡಿನ ಬಾಗಿಲಲ್ಲಿ ನಿಂತು ಮಗುವಿಗೆ ಹೇಳುತ್ತಿದ್ದ:

"ನಮ್ ಪಾಪಾ ಸಮತ್ತು, ಜಾಣೆ! ನೋಡು, ಅಳ್ತಾನೇ ಇಲ್ಲ!"

ನಾನು ಪೊಟ್ಟಣ ಕಿತ್ತುಕೊಂಡು ನನ್ನ ಚೀಲಕ್ಕೆ ಹಾಕಿದೆ. ಪಿನ್ನುಗಳನ್ನು ಒಂದೊಂದೇ ತೆಗೆದು ಮೆಟ್ಟಿಲ ಮೇಲಿಟ್ಟೆ. ಚವರಿ ಬಿಚ್ಚಿ ಅವುಗಳ ಪಕ್ಕ ಹಾಕಿದೆ. ಉಳಿದ ಕೂದಲನ್ನು ಎರಡೂ ಕೈಯಿಂದ ಮೇಲಕ್ಕೆತ್ತಿದೆ.

"ಅಕ್ಕಾ..." ಅಂದ ಸೆಂದಿಲ್. "ಇದೇನಕ್ಕಾ ಇದು?"

"ಹುಳಕ್ಕ ಅಂತಿದ್ಯಲ್ಲ? ಬಾ, ಹತ್ರ ಬಂದು ನೋಡು ನಿನ್ ಹುಳನ. ಕವಿತಾ, ನೀನೂ ಬಾ. ಇದೇ ಕಣೆ ವಾಸಿ ಆಗಿದ್ದು."

ಕವಿತಾ ಬಾಯಿಗೆ ಕೈ ಹಿಡಿದಳು. ಅಮ್ಮ ಮಾತ್ರ ಅಲುಗಲಿಲ್ಲ. ಅವಳಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ.

"ನೋಡಮ್ಮ. ನಿಮ್ ಅತ್ತೆ ಮಾಡಿದ್ದು. ಈಗ ನೀನು ಅದನ್ನೇ ಮಾಡಾಕ್ ಹೊಂಟಿದೀಯ."

"ಅವಳ್ಗೆಲ್ಲಿ ಕಣ್ ಕಾಣ್ತಿತ್ತು ಆಗ?" ಅಂದಳು ಅಮ್ಮ. "ಕೂತ್ಕೊಂಡ್ ಹೇಳಿದ್ದು ಅವಳು. ಕೈ ನಂದು."

ಶೆಡ್ಡಿನಲ್ಲಿ ಮಗ್ಗಗಳು ಬಡಿಯುತ್ತಿದ್ದವು. ನನಗೆ ತಪ್ಪಾಗಿ ಕೇಳಿಸಿರಬಹುದು ಎಂದುಕೊಳ್ಳಲು ಅವಕಾಶವಿತ್ತು. ಅಮ್ಮ ಅದನ್ನೂ ಕೊಡಲಿಲ್ಲ. ಅವಳು ಮುಂದಕ್ಕೆ ಬಾಗಿ, ಕಲೆಯ ಮೇಲೆ ಕಣ್ಣಿಟ್ಟು, ಯಾವುದೋ ಹಳೆಯ ದೂರನ್ನು ಒಪ್ಪಿಸುವವಳಂತೆ ಹೇಳಿದಳು:

"ಮೂರ್ ಸಲ ಬಗ್ಗಿ ನಿನ್ ಮುಖ ನೋಡ್ದೆ. ಅಳ್ತೀಯಾ, ಅಳ್ತೀಯಾ ಅಂತ. ಅತ್ತಿದ್ರೆ ಕುಂಚ ಎಸ್ದ್ಬುಡ್ತಿದ್ದೆ. ಮಗು ತಡ್ಕೊಳಾಕ್ ಆಗ್ದು ಅಂತ ಅವಳ್ಗೆ ಹೇಳ್ಬೋದಿತ್ತು. ನೀನ್ ಅಳ್ಲೇ ಇಲ್ಲ. ಒಂದ್ ಹನಿ ಇಲ್ಲ. ನಾನೇನ್ ಮಾಡ್ಲಿ?"

ನನ್ನ ಮೂರು ಕಥೆಗಳೂ ಬಿದ್ದುಹೋದವು. ಅಡುಗೆಮನೆಯಲ್ಲಿ ಸೆರಗು ಕಚ್ಚಿ ಅಳುತ್ತಿದ್ದ ಅಮ್ಮನನ್ನು ನಾನೇ ಕಟ್ಟಿಕೊಂಡಿದ್ದೆ. ನಿಜದ ಅಮ್ಮ ನನ್ನ ತಲೆಯ ಮೇಲಿದ್ದಳು, ಕೈಯಲ್ಲಿ ಕುಂಚ ಹಿಡಿದು, ತಾನು ಹೇಳಲಾರದ ಒಂದು ಮಾತನ್ನು ಒಂಬತ್ತು ವರ್ಷದವಳು ಅತ್ತು ಹೇಳಲಿ ಎಂದು ಕಾಯುತ್ತಿದ್ದಳು. ಒಬ್ಬರು ಅಳಬೇಡ ಎಂದು ಕಿವಿಯಲ್ಲಿ ಹೇಳಿದರು, ಇನ್ನೊಬ್ಬಳು ಅಳಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡಳು. ಇಬ್ಬರೂ ತಮ್ಮ ಬಾಯಿಯ ಕೆಲಸವನ್ನು ನನ್ನ ಕಣ್ಣಿಗೆ ವಹಿಸಿದ್ದರು. ಅವಳನ್ನು ಕ್ಷಮಿಸಿದೆ ಎಂದು ಬರೆದರೆ ಅಧ್ಯಾಯ ಚೆನ್ನಾಗಿ ಮುಗಿಯುತ್ತದೆ. ಕ್ಷಮಿಸಿಲ್ಲ. ಆ ಕುರ್ಚಿಯನ್ನು ಒದೆಯಬೇಕೆನಿಸಿತು. ಒದೆಯಲಿಲ್ಲ, ಅಷ್ಟೇ.

ಮೆಟ್ಟಿಲ ಮೇಲೆ ಯಾಳಿನಿ ನನ್ನ ಚವರಿಯನ್ನು ಬೆರಳ ತುದಿಯಿಂದ ಮುಟ್ಟಿ ನೋಡುತ್ತಿದ್ದಳು. ತುಟಿಗಳನ್ನು ಒಳಕ್ಕೆ ಎಳೆದು ಕಚ್ಚಿಕೊಂಡಿದ್ದಳು. ಆ ಬಾಯಿ ನನಗೆ ಗೊತ್ತಿತ್ತು. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತೆ. ನಾನು ಗಣಪತಿಯಲ್ಲಿರುವುದರಿಂದ ಅವಳು ನನ್ನನ್ನು ಕರೆಯುವುದು ಗಣಪತಿ ಅಜ್ಜಿ ಎಂದು.

"ಉರೀತದಾ ಕಣ್ಣು?"

ಅವಳು ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಹೌದು ಎಂದು ಆಡಿಸಿದಳು.

"ಹಂಗಾದ್ರೆ ಅಳು."

"ಅತ್ರೆ ಸಮತ್ತಲ್ಲ ಗಣಪತಿ ಅಜ್ಜಿ."

"ಯಾರಂದ್ರು?"

ಅವಳು ತಾತನನ್ನು ನೋಡಿದಳು. ಮುತ್ತಜ್ಜಿಯನ್ನು ನೋಡಿದಳು.

"ಅವ್ರನ್ನ ನೋಡ್ಬ್ಯಾಡ. ಅವ್ರಿಗ್ ತಾನಾಗ್ ತಿಳೀದು. ಜೋರಾಗ್ ಅಳು. ಮಗ್ಗದ್ ಸದ್ದಿಗಿಂತ ಜೋರಾಗ್."

ಮೊದಲು ಸಣ್ಣಗೆ ಬಂತು, ಬಿಕ್ಕಳಿಕೆಯ ಹಾಗೆ. ಆಮೇಲೆ ಬಾಯಿ ಪೂರ್ತಿ ತೆರೆಯಿತು. ಆರು ವರ್ಷದ ಎದೆಯಲ್ಲಿ ಅಷ್ಟು ದೊಡ್ಡ ದನಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಶೆಡ್ಡಿನಲ್ಲಿ ಒಂದು ಮಗ್ಗ ನಿಂತಿತು. ಇನ್ನೊಂದು ನಿಂತಿತು. ಪಕ್ಕದ ಮನೆಯ ಹೆಂಗಸು ಕಾಂಪೌಂಡ್ ಗೋಡೆಯ ಮೇಲಿಂದ ತಲೆ ಎತ್ತಿ, ತಮಿಳಿನಲ್ಲಿ, ಮಗುವಿಗೆ ಏನು ಮಾಡಿದಿರಿ ಎಂದು ಕೇಳಿದಳು. ಸೆಂದಿಲ್ ನೆಲ ನೋಡಿದ. ಅಮ್ಮ ಮುಖ ತಿರುಗಿಸಿದಳು. ನಾನು ಬರಿದಲೆಯಲ್ಲೇ ಎದ್ದು ಗೋಡೆಯ ಹತ್ತಿರ ಹೋಗಿ, ಕೂದಲೆತ್ತಿ, ಅವಳಿಗೆ ಅರ್ಥವಾಗುವ ತಮಿಳಿನಲ್ಲಿ, ಮೊದಲಿನಿಂದ ಹೇಳತೊಡಗಿದೆ.